ಚೀನಾದ ಒಳಶಕ್ತಿ: ಮೊದಲು ಕೈ ಇಟ್ಟು ನೋಡಿ, ಆಮೇಲೆ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಲಿ ಚೀನಾದ ಸಮರಕಲೆಗಳ ಒಳಶಕ್ತಿ ಬಗ್ಗೆ ಒಂದು ಲೇಖನ ಬಂದಿತ್ತು. ಗುರು ಸುಮ್ನೆ ಕೈ ಬೀಸಿದ್ರೆ ನಾಲ್ಕಡಿ ದೂರದಲ್ಲಿ ನಿಂತಿರೋ ಶಿಷ್ಯರು ಸಾಲಾಗಿ ಬೀಳ್ತಾರೆ, ಆ ಶಕ್ತಿ ಹೊಕ್ಕುಳ ಕೆಳಗೆ ಶೇಖರ ಆಗಿರತ್ತೆ, ಗುರುವಿನ ಕೃಪೆ ಇದ್ದೋರಿಗೆ ಮಾತ್ರ ಸಿಗತ್ತೆ ಅಂತೆಲ್ಲ ಬರೆದಿದ್ರು. ಅದಾದ ಮುಂದಿನ ವಾರ ಓದುಗರ ಪತ್ರದಲ್ಲಿ ಇನ್ನೊಬ್ಬರು ಇದೆಲ್ಲ ಬರೀ ಬೊಗಳೆ, ತಾಯ್‌ಚಿ (ನಿಧಾನ ಚಲನೆಗಳ ಚೀನಿ ಸಮರಕಲೆ) ಅಂದ್ರೆ ವಯಸ್ಸಾದೋರು ಗಾಳಿಲಿ ಕೈ ಆಡಿಸೋದು, ಅದರಲ್ಲಿ ಶಕ್ತಿ ಗಿಕ್ತಿ ಏನೂ ಇಲ್ಲ ಅಂತ ಬರೆದ್ರು. ಎರಡನ್ನೂ ಓದಿ ನಂಗೆ ಸಂಕಟ ಆಯ್ತು. ಇಬ್ಬರೂ ಒಂದೇ ತಪ್ಪು ಮಾಡಿದಾರೆ, ಇಬ್ಬರೂ ಯಾರ ಮೈ ಮೇಲೂ ಕೈ ಇಟ್ಟು ನೋಡಿಲ್ಲ. ಒಬ್ಬರು ವಿಡಿಯೋ ನೋಡಿ ನಂಬಿದ್ರು, ಇನ್ನೊಬ್ಬರು ಅದೇ ವಿಡಿಯೋ ನೋಡಿ ನಗಾಡಿದ್ರು. ಪತ್ರ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಹತ್ತೊಂಬತ್ತು ವರ್ಷದಿಂದ ತಾಯ್‌ಚಿ ಅಭ್ಯಾಸ ಮಾಡ್ತಿದೀನಿ. ಶುರು ಮಾಡಿದ್ದು ಚೀನಾದ ಹನಾನ್ ಪ್ರಾಂತ್ಯದ ಜೆಂಗ್‌ಜೋ ನಗರದಲ್ಲಿ, ಕೆಲಸದ ಮೇಲೆ ಆರು ವರ್ಷ ಅಲ್ಲಿದ್ದೆ. ಅಲ್ಲಿಂದ ಹಳದಿ ನದಿ ದಾಟಿ ಹೋದ್ರೆ ವೆನ್ ಕೌಂಟಿ, ಅದರಲ್ಲಿ ಚೆನ್‌ಜಿಯಾಗೋ ಅನ್ನೋ ಹಳ್ಳಿ, ಚೆನ್ ಮನೆತನದ ತಾಯ್‌ಚಿ ಹುಟ್ಟಿದ ಊರು ಅದೇ. ಹಾಗಾಗಿ ಆ ಕಡೆ ಬೆಳಗ್ಗೆ ಐದೂವರೆಗೆ ಯಾವ ಪಾರ್ಕಿಗೆ ಹೋದ್ರೂ ಅಭ್ಯಾಸ ಮಾಡೋರು ಸಿಗ್ತಾರೆ, ಅದರಲ್ಲಿ ನಿಜವಾದೋರೂ ಇರ್ತಾರೆ ಬೊಗಳೆ ಬಿಡೋರೂ ಇರ್ತಾರೆ, ನಂಗೆ ಎರಡೂ ಥರದೋರು ಸಿಕ್ರು.

ಮೊದಲು ಪದಗಳ ಗೊಂದಲ ಬಿಡಿಸ್ಬೇಕು, ಯಾಕಂದ್ರೆ ನಿಮ್ಮ ಲೇಖಕರು ಎಡವಿದ್ದೇ ಅಲ್ಲಿ. ಚೀನಿ ಭಾಷೇಲಿ ಮೂರು ಪದ ಇದೆ, ಲಿ, ಚಿ, ಜಿನ್. ಮೂರನ್ನೂ ನಾವು "ಶಕ್ತಿ" ಅಂತ ಒಂದೇ ಚೀಲಕ್ಕೆ ತುಂಬ್ತೀವಿ. ಲಿ ಅಂದ್ರೆ ಬರೀ ತಾಕತ್ತು, ಮೂಟೆ ಎತ್ತೋವಾಗ ತೋಳಲ್ಲಿ ಬರತ್ತಲ್ಲ ಅದು, ಹುಟ್ಟಿದೋರೆಲ್ಲರಿಗೂ ಹೆಚ್ಚು ಕಮ್ಮಿ ಇರತ್ತೆ. ಚಿ ಅಂದ್ರೆ ಉಸಿರು, ಗಾಳಿ, ಪ್ರಾಣ, ಹವಾ ಎಲ್ಲ ಸೇರಿದ ಪದ. ಅದರ ಹಳೇ ಅಕ್ಷರ ನೋಡಿದ್ರೆ ಕೆಳಗೆ ಅಕ್ಕಿ ಅಂತ ಬರೆದು ಮೇಲೆ ಆವಿ ಏಳೋ ಹಾಗೆ ಗೆರೆ ಹಾಕಿರ್ತಾರೆ, ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ, ಬದುಕಿರೋ ಮೈಯಿಂದ ಬರೋ ಬಿಸಿ ಅಂತ ಅಷ್ಟೇ. ಮೂರನೇದು ಜಿನ್. ಇದು ಹುಟ್ಟಿನಿಂದ ಬರಲ್ಲ. ತಾಕತ್ತನ್ನ ಪಳಗಿಸಿ, ಮೈಯಿಡೀ ಒಂದೇ ಎಳೇಲಿ ಜೋಡಿಸಿ, ಬೇಕಾದ ಕಡೆ ಬೇಕಾದಷ್ಟೇ ಕಳಿಸೋ ಹಾಗೆ ಮಾಡ್ಕೊಂಡಿರೋ ಬಲ. ತಾಯ್‌ಚಿಯಂಥ ಚೀನಾದ ಒಳ ಸಮರಕಲೆಗಳಲ್ಲಿ ನಿಜವಾಗಿ ಕಲಿಸೋದು ಇದನ್ನ. ಅಭ್ಯಾಸ ಮಾಡೋರ ಜೊತೆ ಕೂತ್ರೆ ಮಾತಿಗೆ ಮಾತಿಗೆ ಬರೋದು ಜಿನ್ ಅನ್ನೋ ಪದ. ಚಿ ಬಗ್ಗೆ ಜಾಸ್ತಿ ಮಾತಾಡೋರು ಸಾಮಾನ್ಯವಾಗಿ ಹೊಸಬರು, ಇಲ್ಲ ಫೀಸ್ ತಗೊಳ್ಳೋರು, ಇದು ನನ್ನ ಅನುಭವ.

ಗೋಂಗ್‌ಫು (ನಾವು ಕುಂಗ್ ಫೂ ಅನ್ನೋದು) ಅನ್ನೋ ಪದಾನೂ ಅಷ್ಟೇ, ಅದಕ್ಕೆ ಹೊಡೆದಾಟ ಅಂತ ಅರ್ಥ ಇಲ್ಲ, ಸಮಯ ಹಾಕಿ ದುಡಿದು ಗಳಿಸಿದ ಕೌಶಲ ಅಂತ ಅರ್ಥ. ಚೆನ್ನಾಗಿ ಚಹಾ ಮಾಡೋರಿಗೂ ಚೆನ್ನಾಗಿ ಅಕ್ಷರ ಬರೆಯೋರಿಗೂ ಅದೇ ಪದ ಹೇಳ್ತಾರೆ.

ಇನ್ನು ಆ ಜಿನ್ ಹೇಗಿರತ್ತೆ ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಜೆಂಗ್‌ಜೋಲಿ ಎರಡು ವರ್ಷ ಬೇರೆ ಕಡೆ ಕಲಿತು ಬೇಜಾರಾಗಿ ಬಿಟ್ಟಿದ್ದೆ (ಅದರ ಕತೆ ಆಮೇಲೆ ಹೇಳ್ತೀನಿ). ಒಂದು ಚಳಿಗಾಲದ ಬೆಳಗ್ಗೆ ಮನೆ ಹತ್ರದ ಪಾರ್ಕಲ್ಲಿ ಒಬ್ಬ ಹಿರಿಯರು ಕಂಡ್ರು, ಹತ್ತಿ ಗಿರಣಿಲಿ ಫಿಟ್ಟರ್ ಆಗಿ ರಿಟೈರ್ ಆದೋರು, ಆಗ ಅವರಿಗೆ 71 ವರ್ಷ, ತೂಕ 58 ಕೆಜಿ ದಾಟಿರಲಿಲ್ಲ. ನಾನು ಆಗ 80 ಕೆಜಿ ಇದ್ದೆ. ದಪ್ಪ ಹತ್ತಿ ಕೋಟು ಹಾಕ್ಕೊಂಡೇ ನಿಂತಿದ್ರು, ಬಲಗೈಯನ್ನ ಎದೆ ಮುಂದೆ ಬಾಗಿಸಿ ಹಿಡಿದು ಎರಡೂ ಕೈಲಿ ತಳ್ಳು ಅಂದ್ರು. ನಾನು ವಯಸ್ಸಾದೋರು ಅಂತ ಮೆಲ್ಲಗೆ ತಳ್ಳಿದೆ, ಅವರು ಮುಖ ಸಿಂಡರಿಸಿ ಸರಿಯಾಗಿ ತಳ್ಳು ಅಂದ್ರು. ಪೂರ್ತಿ ಜೋರು ಹಾಕಿದೆ. ಆ ಕೈ ಗಟ್ಟಿ ಆಗಲಿಲ್ಲ. ಹಿಂದಕ್ಕೂ ಹೋಗಲಿಲ್ಲ. ಗೋಡೆ ತಳ್ಳಿದ ಹಾಗಿರಲಿಲ್ಲ, ಗೋಡೆ ಆದ್ರೆ ಎಲ್ಲಿ ತಡೀತಿದೆ ಅಂತ ಗೊತ್ತಾಗತ್ತಲ್ಲ, ಇಲ್ಲಿ ಎಲ್ಲಿ ತಡೀತಿದೆ ಅಂತಲೇ ಸಿಗಲಿಲ್ಲ, ಗಾಳಿ ತುಂಬಿದ ಟ್ಯೂಬನ್ನ ನೀರಲ್ಲಿ ಅದುಮಿದ ಹಾಗೆ, ಎಷ್ಟು ಅದುಮ್ತೀವೋ ಅಷ್ಟು ವಾಪಸ್ ಕೊಡತ್ತೆ ಅಷ್ಟೇ, ಆಮೇಲೆ ನೋಡಿದ್ರೆ ನನ್ನ ಹಿಮ್ಮಡಿನೇ ನೆಲ ಬಿಡ್ತಾ ಇದೆ. ಅವರು ನನ್ನನ್ನ ತಳ್ಳಿದ್ದಲ್ಲ, ಉಸಿರು ಬಿಟ್ಟು ಸೊಂಟ ಒಂದು ಚೂರು ಕೆಳಗಿಳಿಸಿದ್ರು, ನಾನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತೆ.

ಆಮೇಲೆ ಅವರು ಮಾಡಿದ್ದೇ ಮುಖ್ಯ. ನನ್ನ ಎಡಗೈ ತಗೊಂಡು ತಮ್ಮ ತೊಡೆ ಹೊಟ್ಟೆ ಸೇರೋ ಮಡಿಕೆ ಮೇಲೆ ಇಟ್ಕೊಂಡ್ರು, ಅದಕ್ಕೆ ಕ್ವಾ ಅಂತಾರೆ, ಈಗ ಬಲಗೈಲಿ ಮತ್ತೆ ತಳ್ಳು ಅಂದ್ರು. ತಳ್ಳಿದ ತಕ್ಷಣ ಆ ಮಡಿಕೆ ಒಳಗೆ ಮಡಚಿ ಹೋಗಿದ್ದು, ಮೊಣಕಾಲು ಅಲುಗಾಡದೇ ಇದ್ದದ್ದು, ಭಾರ ಹಿಂದಿನ ಪಾದಕ್ಕೆ ಇಳಿದದ್ದು ಎಲ್ಲ ನನ್ನ ಕೈಗೆ ಗೊತ್ತಾಯ್ತು. "ನೀನು ನನ್ನ ಕೈ ತಳ್ತಿಲ್ಲ, ನೆಲಾನ ತಳ್ತಿದೀಯ, ನೆಲಾನೇ ನಿನ್ನನ್ನ ವಾಪಸ್ ಕಳಿಸ್ತು" ಅಂದ್ರು. ಗುಟ್ಟು ಅಂತ ಏನೂ ಇಟ್ಕೊಳ್ಳಲಿಲ್ಲ. ಮೊದಲನೇ ದಿನವೇ ಬಿಚ್ಚಿ ತೋರಿಸಿದ್ರು. ಹಾಗೆ ಬಿಚ್ಚಿ ತೋರಿಸಿದ್ರೂ ಅದನ್ನ ನನ್ನ ಮೈಲಿ ತರೋಕೆ ನಾಲ್ಕು ವರ್ಷ ಹಿಡೀತು, ಅದೂ ಅರೆಬರೆ.

ಈ ತಡೆಯೋ ಬಲಕ್ಕೆ ಪಂಗ್ ಅಂತಾರೆ, ತಾಯ್‌ಚಿಯ ಎಂಟು ಮೂಲ ಬಲಗಳಲ್ಲಿ ಮೊದಲನೇದು. ಹಳೇ ಪದ್ಯ ಒಂದರಲ್ಲಿ ಇದನ್ನ ನೀರು ದೋಣಿ ಹೊತ್ತ ಹಾಗೆ ಅಂತ ಹೇಳಿದಾರೆ, ನಂಗೆ ಇದಕ್ಕಿಂತ ಸರಿಯಾದ ಹೋಲಿಕೆ ಇವತ್ತಿನವರೆಗೂ ಸಿಕ್ಕಿಲ್ಲ. ನೀರಿಗೆ ಬಿಗಿ ಇಲ್ಲ, ಆದ್ರೂ ಟನ್ನುಗಟ್ಟಲೆ ಹೊರತ್ತೆ.

ಇದು ಹೇಗೆ ಸಾಧ್ಯ ಅಂತ ಕೇಳಿದ್ರೆ ಉತ್ತರ ಮೈಯಲ್ಲೇ ಇದೆ. ಮೊಣಕೈ ಚಾಚಿ ತಳ್ಳೋವಾಗ ತೋಳಿನ ಹಿಂದಿನ ಮಸಲ್ ಕೆಲಸ ಮಾಡ್ಬೇಕು, ಮುಂದಿನ ಮಸಲ್ ಬಿಟ್ಕೊಡ್ಬೇಕು. ನಮಗೆ ಜೋರು ಹಾಕು ಅಂದ ತಕ್ಷಣ ಎರಡೂ ಒಟ್ಟಿಗೆ ಬಿಗಿಯಾಗತ್ತೆ, ಅಂದ್ರೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ. ಇದರ ಮೇಲೆ ಭುಜ ಏಳತ್ತೆ, ಉಸಿರು ಎದೇಲಿ ನಿಲ್ಲತ್ತೆ, ಭಾರ ಮೇಲಕ್ಕೆ ಬರತ್ತೆ, ಎದುರಿನವನಿಗೆ ನಮ್ಮ ಬಿಗಿಯಾದ ಕೈನೇ ಒಂದು ಹಿಡಿ ಆಗಿಬಿಡತ್ತೆ, ಅದನ್ನ ಹಿಡಿದು ನಮ್ಮನ್ನ ಎಲ್ಲಿಗೆ ಬೇಕಾದ್ರೂ ಹೊರಳಿಸಬಹುದು. ಒಳ ಸಮರಕಲೆಯ ಅರ್ಧ ಕೆಲಸ ಈ ಬ್ರೇಕ್ ಬಿಡಿಸೋದು. ಅದಕ್ಕೆ ಸೋಂಗ್ ಅಂತಾರೆ, ಆ ಅಕ್ಷರದ ತಲೆ ಮೇಲೆ ಉದ್ದ ಕೂದಲು ಅನ್ನೋ ಗುರುತು ಇದೆ, ಕಟ್ಟಿದ ಕೂದಲು ಬಿಚ್ಚಿ ಬಿಟ್ಟ ಹಾಗೆ. ಇಂಗ್ಲಿಷಿನಲ್ಲಿ ರಿಲ್ಯಾಕ್ಸ್ ಅಂತ ಮಾಡ್ಕೊಂಡು ಜನ ಜೋತುಬಿದ್ದು ನಿಲ್ತಾರೆ, ಅದು ಸೋಂಗ್ ಅಲ್ಲ. ನಮ್ಮ ಕನ್ನಡದಲ್ಲಿ ಇದಕ್ಕೆ ಹದ ಅನ್ನೋ ಪದ ಇದೆ ಅಂತ ನಂಗೆ ಅನ್ಸತ್ತೆ, ಮಣ್ಣು ಹದಕ್ಕೆ ಬಂತು ಅಂತೀವಲ್ಲ, ಗಟ್ಟಿನೂ ಅಲ್ಲ ಕೆಸರೂ ಅಲ್ಲ, ಅದೇ.

ಇದನ್ನ ತರೋ ಅಭ್ಯಾಸ ನೋಡೋಕೆ ಏನೂ ಇಲ್ಲ, ಸುಮ್ನೆ ನಿಂತ್ಕೊಳ್ಳೋದು. ಜಾನ್ ಜ್ವಾಂಗ್ ಅಂತಾರೆ, ಕಂಬದ ಹಾಗೆ ನಿಲ್ಲೋದು ಅಂತ ಅರ್ಥ. ಮೊಣಕಾಲು ಸ್ವಲ್ಪ ಬಾಗಿಸಿ, ಕೈ ಎರಡನ್ನೂ ಎದೆ ಮುಂದೆ ಮರ ತಬ್ಬಿದ ಹಾಗೆ ಹಿಡಿದು ನಿಲ್ಬೇಕು. ಮೊದಲ ಐದು ನಿಮಿಷ ಇಷ್ಟೇನಾ ಅನ್ಸತ್ತೆ. ಹತ್ತನೇ ನಿಮಿಷಕ್ಕೆ ಭುಜ ಉರಿಯೋಕೆ ಶುರು, ಹದಿನೈದಕ್ಕೆ ತೊಡೆ ನಡುಗತ್ತೆ, ಮನಸ್ಸು ಯಾವುದಾದ್ರೂ ನೆಪ ಹುಡುಕತ್ತೆ. ಆಗ ಹಿರಿಯರು ಹಿಂದಿನಿಂದ ಬಂದು ಎರಡು ಬೆರಳಲ್ಲಿ ನನ್ನ ಭುಜ ಒತ್ತಿ "ಇದು ಯಾಕೆ ಕೆಲಸ ಮಾಡ್ತಿದೆ, ಇದನ್ನ ಯಾರು ಕರೆದ್ರು" ಅಂತಿದ್ರು. ಪ್ರತಿ ಸಲ ಅದೇ ಪ್ರಶ್ನೆ. ಭುಜ ಸೋತು ಇಳಿದಾಗ ಕೈಯನ್ನ ಎತ್ತಿ ಹಿಡಿಯೋ ಕೆಲಸಾನ ಬೆನ್ನು ತಗೊಳ್ಳತ್ತೆ, ಬೆನ್ನು ಸೋತಾಗ ಸೊಂಟ, ಕೊನೆಗೆ ಪಾದ. ಹೀಗೆ ಒಂದೊಂದೇ ಜಾಗ ತನ್ನ ಹಠ ಬಿಟ್ಟು ಪಕ್ಕದ ಜಾಗದ ಜೊತೆ ಸೇರ್ಕೊಳ್ಳತ್ತೆ. ಕೈ ಬೆರಳು ಬಿಸಿ ಆಗತ್ತೆ, ಜುಮ್ ಅನ್ನತ್ತೆ. ನಿಮ್ಮ ಲೇಖಕರು ಇದನ್ನೇ ಚಿ ಹರಿಯೋದು ಅಂತ ಬರೆದಿದಾರೆ, ಇರಲಿ, ಆ ಬಿಸಿಗೆ ಏನು ಹೆಸರು ಬೇಕಾದ್ರೂ ಇಡಲಿ, ಆದ್ರೆ ಅದು ಗುರಿ ಅಲ್ಲ, ದಾರೀಲಿ ಸಿಗೋ ಒಂದು ಕಲ್ಲು ಅಷ್ಟೇ, ಅಲ್ಲೇ ಕೂತವರು ಮುಂದೆ ಹೋಗಲ್ಲ. ವಾಂಗ್ ಶಿಯಾಂಗ್‌ಜಾಯ್ ಅಂತ ಒಬ್ಬ ದೊಡ್ಡ ಗುರು ಇದ್ರು, 1963ರಲ್ಲಿ ತೀರ್ಕೊಂಡ್ರು, ಅವರಂತೂ ಕಟ್ಟಿಟ್ಟ ವರಸೆಗಳನ್ನೆಲ್ಲ ಕೈಬಿಟ್ಟು ಈ ನಿಲ್ಲೋದನ್ನೇ ಮೂಲ ಮಾಡ್ಕೊಂಡು ಯಿಚುವಾನ್ ಅನ್ನೋ ಪದ್ಧತಿನೇ ಕಟ್ಟಿದ್ರು.

ನಿಂತು ಕಲಿತಿದ್ದನ್ನ ಚಲನೆಗೆ ತರೋದು ಇನ್ನೊಂದು ಕೆಲಸ. ಚೆನ್ ಮನೆತನದವರು ಅದಕ್ಕೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚೋ ಹೋಲಿಕೆ ಕೊಡ್ತಾರೆ. ರೇಷ್ಮೆ ನೂಲು ಬಿಚ್ಚಾಣಿಕೆ ನೋಡಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ, ಜೋರಾಗಿ ಎಳೆದ್ರೆ ಎಳೆ ಕಿತ್ತು ಹೋಗತ್ತೆ, ಎಳೆಯೋದು ತಡವರಿಸಿದ್ರೆ ಸಿಕ್ಕಾಗತ್ತೆ, ಒಂದೇ ಸಮನೆ ತಿರುಗಿಸ್ತಾ ಎಳೀಬೇಕು. ತಾಯ್‌ಚಿ ನಿಧಾನ ಯಾಕೆ ಅಂದ್ರೆ ಇದಕ್ಕೆ, ಎಲ್ಲಿ ಎಳೆ ಕಿತ್ತು ಹೋಯ್ತು ಅನ್ನೋದು ನಿಧಾನದಲ್ಲಿ ಮಾತ್ರ ಗೊತ್ತಾಗತ್ತೆ. ಓದುಗರ ಪತ್ರದಲ್ಲಿ ಗಾಳಿಲಿ ಕೈ ಆಡಿಸೋದು ಅಂದೋರಿಗೆ ಇನ್ನೊಂದು ಮಾತು, ಚೆನ್ ಪದ್ಧತಿಲಿ ನಿಧಾನದ ಮಧ್ಯೆ ಒಮ್ಮೆಲೇ ಸಿಡಿಯೋ ಹೊಡೆತಗಳೂ ಇದಾವೆ, ನೆಲಕ್ಕೆ ಕಾಲು ಅಪ್ಪಳಿಸೋದೂ ಇದೆ. ಜನ ಪಾರ್ಕಲ್ಲಿ ನೋಡೋದು ಹೆಚ್ಚಾಗಿ 1956ರಲ್ಲಿ ಚೀನಾದ ಕ್ರೀಡಾ ಆಯೋಗ ಎಲ್ಲರಿಗೂ ಕಲಿಯೋಕೆ ಸುಲಭ ಆಗ್ಲಿ ಅಂತ ಯಾಂಗ್ ಅನ್ನೋ ಇನ್ನೊಂದು ಮನೆತನದ ತಾಯ್‌ಚಿ ಪದ್ಧತಿಯಿಂದ ಇಳಿಸಿ ಮಾಡಿದ 24 ವರಸೆಗಳ ಚಿಕ್ಕ ಕ್ರಮ. ಅದು ಆರೋಗ್ಯಕ್ಕೆ ಒಳ್ಳೇದೇ. ಅಮೆರಿಕದಲ್ಲಿ 195 ಪಾರ್ಕಿನ್ಸನ್ ರೋಗಿಗಳಿಗೆ 24 ವಾರ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು, ತಾಯ್‌ಚಿ ಮಾಡಿದೋರಿಗೆ ಬ್ಯಾಲೆನ್ಸ್ ಬೇರೆ ಗುಂಪುಗಳಿಗಿಂತ ಚೆನ್ನಾಗಿ ಬಂತು. ಸುಮ್ನೆ ಗಾಳಿಲಿ ಕೈ ಆಡಿಸಿದ್ರೆ ಅದು ಬರಲ್ಲ.

ಈಗ ನಾನು ಬಿಟ್ಟು ಬಂದ ಮೊದಲನೇ ಜಾಗದ ಕತೆ. ಯಾರು, ಯಾವ ಸಂಸ್ಥೆ ಅಂತ ಹೇಳಲ್ಲ. ಅಲ್ಲಿ ದೊಡ್ಡ ಹಾಲ್ ಇತ್ತು, ಗೋಡೆ ತುಂಬ ಫೋಟೋ, ಗುರುಗಳು ಬಿಳಿ ರೇಷ್ಮೆ ಬಟ್ಟೇಲಿ ಬರ್ತಿದ್ರು. ಮೊದಲ ಆರು ತಿಂಗಳು ಅವರನ್ನ ಮುಟ್ಟೋಕೆ ನಮಗೆ ಅವಕಾಶ ಇರಲಿಲ್ಲ, ಹಿರಿಯ ಶಿಷ್ಯರು ಮಾತ್ರ ಮುಟ್ತಿದ್ರು, ಮುಟ್ಟಿದ ತಕ್ಷಣ ಕರೆಂಟ್ ಹೊಡೆದ ಹಾಗೆ ಹಾರಿ ಹೋಗಿ ಗೋಡೆಗೆ ಒರಗಿಸಿಟ್ಟ ಹಾಸಿಗೆಗೆ ಬೀಳ್ತಿದ್ರು. ನನ್ನ ಸರದಿ ಬಂದಾಗ ನಾನೂ ಹಾರಿದೆ. ಇದನ್ನ ಸ್ಪಷ್ಟವಾಗಿ ಬರೀತಿದೀನಿ, ಯಾಕಂದ್ರೆ ಇದು ಹೇಗೆ ನಡೆಯತ್ತೆ ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ಅಲ್ಲಿ ಯಾರೂ ನಮಗೆ ಹಾರು ಅಂತ ಹೇಳಿಕೊಡಲಿಲ್ಲ, ದುಡ್ಡು ಕೊಟ್ಟು ನಾಟಕ ಮಾಡಿಸಲಿಲ್ಲ. ನಮಗಿಂತ ಮುಂಚೆ ಇಪ್ಪತ್ತು ಜನ ಹಾರೋದನ್ನ ಕಣ್ಣಾರೆ ನೋಡಿರ್ತೀವಿ, ಬೀಳದೇ ಹೋದ್ರೆ ನನ್ನ ಮೈ ಇನ್ನೂ ಸೂಕ್ಷ್ಮ ಆಗಿಲ್ಲ ಅಂತ ಅಂದ್ಕೋತಾರೆ ಅನ್ನೋ ಹೆದರಿಕೆ ಇರತ್ತೆ, ಗುರುವಿನ ಮೇಲೆ ಗೌರವಾನೂ ಇರತ್ತೆ, ಇದೆಲ್ಲ ಸೇರಿ ಕೈ ತಾಗೋ ಮುಂಚೆನೇ ಕಾಲು ತಾನಾಗೇ ಎದ್ದು ಬಿಡತ್ತೆ. ಎರಡು ವರ್ಷದಲ್ಲಿ ನಾನು ಒಳ್ಳೆ ಹಾರೋನಾಗಿ ತಯಾರಾದೆ. ತಳ್ಳೋದು ಕಲೀಲಿಲ್ಲ, ನಿಲ್ಲೋದೂ ಕಲೀಲಿಲ್ಲ. ಆ ಗುರುಗಳೂ ಬೇಕಂತ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಇಪ್ಪತ್ತು ವರ್ಷ ತನ್ನನ್ನ ಮುಟ್ಟಿದೋರೆಲ್ಲ ಹಾರಿದ್ರೆ ಯಾರಿಗಾದ್ರೂ ತನ್ನ ಕೈಲಿ ಏನೋ ಇದೆ ಅಂತಲೇ ಅನ್ಸತ್ತೆ. ಆದ್ರೆ ಒಳಗಿನ ಶಿಷ್ಯ ಅಂತ ಸ್ವೀಕಾರ ಮಾಡ್ಕೊಳ್ಳೋ ಸಮಾರಂಭಕ್ಕೆ 8,000 ಯುವಾನ್ ಕೇಳಿದ್ರು, ಅದನ್ನ ಕೊಟ್ಟ ಮೇಲೇ ನಿಜವಾದ ಒಳಶಕ್ತಿ ದಾಟಿಸ್ತೀವಿ ಅಂದ್ರು, ಇದು ಮಾತ್ರ ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ನನ್ನ ಜೊತೆ ಕಲೀತಿದ್ದ ಒಬ್ಬ ಹುಡುಗ ಸಾಲ ಮಾಡಿ ಕೊಟ್ಟ.

ಒಳಶಕ್ತಿ ದಾಟಿಸೋ ವಸ್ತು ಅಲ್ಲ ಸಾರ್. ಗುರು ಬಾಗಿಲ ತನಕ ಕರ್ಕೊಂಡು ಬರ್ತಾರೆ, ಒಳಗೆ ನಡೆಯೋದು ಅವರವರ ಪಾಡು ಅಂತ ಚೀನಾದಲ್ಲೇ ಗಾದೆ ಇದೆ.

ಪಾರ್ಕಿನ ಹಿರಿಯರ ಹತ್ರ ಏನಾಗ್ತಿತ್ತು ನೋಡಿ. ವಾರಕ್ಕೊಂದು ಸಲ ಒಬ್ಬ ಕುಸ್ತಿ ಹುಡುಗ ಬರ್ತಿದ್ದ, ಚೀನಿ ಕುಸ್ತಿ, ಶ್ವಾಯ್‌ಜಿಯಾವ್ ಅಂತಾರೆ, 24 ವರ್ಷ, ಕತ್ತು ಎತ್ತಿನ ಥರ. ಅವನಿಗೆ ತಾಯ್‌ಚಿ ಮೇಲೆ ಭಕ್ತಿ ಏನೂ ಇರಲಿಲ್ಲ, ಹಿರಿಯರೇ ಅವನನ್ನ ಕರೆಸ್ತಿದ್ರು. ಇಬ್ಬರೂ ಕೈ ಕೂಡಿಸಿ ತಳ್ಳಾಟ ಆಡೋರು, ತುಯ್‌ಶೋ ಅಂತಾರೆ ಅದಕ್ಕೆ. ಐದು ಸಲದಲ್ಲಿ ಮೂರು ಸಲ ಆ ಹುಡುಗ ತನಗೇ ಗೊತ್ತಾಗದ ಹಾಗೆ ಪಕ್ಕಕ್ಕೆ ಹೋಗಿ ನಿಂತಿರ್ತಿದ್ದ, ಎರಡು ಸಲ ಹಿರಿಯರು ಬೀಳ್ತಿದ್ರು. ಬಿದ್ದು ಎದ್ದು ಪ್ಯಾಂಟಿನ ಧೂಳು ಹೊಡ್ಕೊಂಡು "ಎಡಗಾಲು ಮಲಗಿತ್ತು, ಇನ್ನೊಂದ್ಸಲ" ಅನ್ನೋರು. ನಂಗೆ ಅಲ್ಲಿವರೆಗೆ ಗುರು ಬೀಳೋದನ್ನ ನೋಡಿಯೇ ಗೊತ್ತಿರಲಿಲ್ಲ. ಆ ದಿನ ನಂಗೆ ಇವರ ಹತ್ರಾನೇ ಕಲೀಬೇಕು ಅಂತ ಗಟ್ಟಿಯಾಯ್ತು. ನಾಲ್ಕು ವರ್ಷದಲ್ಲಿ ನನ್ನಿಂದ ಒಂದು ಯುವಾನ್ ತಗೊಳ್ಳಲಿಲ್ಲ.

ತುಯ್‌ಶೋಲಿ ಬೆಳೆಯೋದು ಇನ್ನೊಂದು ಗುಣ, ಅದಕ್ಕೆ ಕೇಳೋ ಜಿನ್ ಅಂತಾರೆ, ಕಿವಿಲಿ ಅಲ್ಲ ಚರ್ಮದಲ್ಲಿ ಕೇಳೋದು. ಎದುರಿನವನ ಭಾರ ಯಾವ ಕಾಲಿಗೆ ಹೋಗ್ತಿದೆ ಅಂತ ಅವನು ಹೆಜ್ಜೆ ಎತ್ತೋ ಮೊದಲೇ ಕೈಗೆ ಗೊತ್ತಾಗತ್ತೆ. ಯಾಂಗ್ ಮನೆತನದ ಗುರುಗಳ ಅಂಗೈ ಮೇಲೆ ಕೂತ ಗುಬ್ಬಿ ಹಾರೋಕೆ ಆಗ್ತಿರಲಿಲ್ಲ ಅಂತ ಒಂದು ಕತೆ ಹೇಳ್ತಾರೆ. ಅದನ್ನ ಕೈಯಿಂದ ಚಿ ಹೀರಿಕೊಳ್ಳೋದು ಅಂತ ಬಣ್ಣಿಸೋರಿದಾರೆ. ಕತೆಯ ತಿರುಳು ಬೇರೆ, ಹಕ್ಕಿ ಹಾರೋಕೆ ಮೊದಲು ಕಾಲಿಂದ ಒದೀಬೇಕು, ಅದು ಒದೆಯೋ ಕ್ಷಣಕ್ಕೆ ಸರಿಯಾಗಿ ಅಂಗೈ ಕೆಳಗಿಳಿದ್ರೆ ಅದಕ್ಕೆ ಒದೆಯೋಕೆ ನೆಲ ಸಿಗಲ್ಲ. ಕೇಳೋದು ಅಂದ್ರೆ ಎಷ್ಟು ಸೂಕ್ಷ್ಮ ಆಗ್ಬೇಕು ಅಂತ ತೋರಿಸೋಕೆ ಹೇಳಿದ ಕತೆ ಅದು.

ಮುಟ್ಟದೆ ಬೀಳಿಸೋ ನಂಬಿಕೆ ಚೀನಾಕ್ಕೆ ಎಷ್ಟು ದುಬಾರಿ ಬಿದ್ದಿದೆ ಅನ್ನೋದನ್ನೂ ನಿಮ್ಮ ಲೇಖಕರು ಬರೀಬೇಕಿತ್ತು. 1900ರಲ್ಲಿ ವಿದೇಶಿಯರ ವಿರುದ್ಧ ಚೀನಾದ ಹಳ್ಳಿಗರು ಎದ್ದ ಬಾಕ್ಸರ್ ದಂಗೆಲಿ ಮಂತ್ರ, ಉಸಿರಿನ ಅಭ್ಯಾಸ, ಮೈ ಮೇಲೆ ದೇವರು ಬರೋದು, ಇವೆಲ್ಲ ಇದ್ರೆ ಗುಂಡು ತಾಗಲ್ಲ ಅಂತ ನಂಬಿದ ಹಳ್ಳಿ ಹುಡುಗರು ಬಂದೂಕಿಗೆ ಎದೆ ಕೊಟ್ಟು ಸತ್ರು. ನಮ್ಮ ಕಾಲದಲ್ಲಿ 2017ರ ಏಪ್ರಿಲ್‌ನಲ್ಲಿ ಚೆಂಗ್ಡುನಲ್ಲಿ ಶು ಶಿಯಾವ್‌ಡಾಂಗ್ ಅನ್ನೋ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಕ್ರೀಡೆ) ಪಟು ವೇ ಲೇ ಅನ್ನೋ ತಾಯ್‌ಚಿ ಗುರುವನ್ನ 20 ಸೆಕೆಂಡ್ ಆಸುಪಾಸಿನಲ್ಲಿ ಕೆಡವಿದ. 2020ರ ಮೇ ತಿಂಗಳಲ್ಲಿ ತಾಯ್‌ಚಿ ಗುರು ಅಂತ ಹೇಳ್ಕೊಳ್ತಿದ್ದ 69 ವರ್ಷದ ಮಾ ಬಾವ್‌ಗುವೋ ಒಬ್ಬ ಹವ್ಯಾಸಿ ಬಾಕ್ಸರ್ ಕೈಲಿ ಅರ್ಧ ನಿಮಿಷದಲ್ಲಿ ಮೂರು ಸಲ ಬಿದ್ರು. ಆ ವಿಡಿಯೋ ನೋಡಿ ನಕ್ಕವರು ಕೋಟಿಗಟ್ಟಲೆ, ನಂಗೆ ನಗು ಬರಲಿಲ್ಲ, ಆ ವಯಸ್ಸಿನೋರು ಪ್ರಜ್ಞೆ ತಪ್ಪಿ ಬಿದ್ದಿರೋದು ನೋಡೋಕಾಗಲಿಲ್ಲ. ಆಮೇಲೆ ಚೀನಾದ ವುಶು (ಸಮರಕಲೆ) ಸಂಘವೇ ಯಾರೂ ತಮ್ಮನ್ನ ತಾವು ಮಹಾಗುರು, ಪೀಠಾಧಿಪತಿ ಅಂತ ಕರ್ಕೋಬೇಡಿ ಅಂತ ಮನವಿ ಹೊರಡಿಸಿತು.

ಹಾಗಂತ ಈ ಸೋಲುಗಳಿಂದ ಜಿನ್ ಸುಳ್ಳು ಅಂತ ಸಾಬೀತಾಯ್ತಾ, ಇಲ್ಲ. ಸಾಬೀತಾಗಿದ್ದು ಏನಂದ್ರೆ ತಳ್ಳಾಟದ ಕೌಶಲ ಬೇರೆ, ಮುಖಕ್ಕೆ ಬರೋ ಗುದ್ದು ತಪ್ಪಿಸೋ ಕೌಶಲ ಬೇರೆ, ಎರಡನೇದು ಬೇಕು ಅಂದ್ರೆ ಗುದ್ದು ತಿಂದೇ ಕಲೀಬೇಕು. ಹಳಬರಿಗೆ ಇದು ಗೊತ್ತಿತ್ತು. ಯಾಂಗ್ ಲುಚಾನ್ (1799–1872) ಚೆನ್‌ಜಿಯಾಗೋಲಿ ಚೆನ್ ಚಾಂಗ್‌ಶಿಂಗ್ ಹತ್ರ ವರ್ಷಗಟ್ಟಲೆ ಕಲಿತು ಬೀಜಿಂಗ್‌ಗೆ ಹೋಗಿ ಸೋಲಿಲ್ಲದ ಯಾಂಗ್ ಅಂತ ಹೆಸರು ಮಾಡಿದ್ದು ಬಂದೋರ ಜೊತೆ ಕೈ ಮಿಲಾಯಿಸಿಯೇ, ಕೂತಲ್ಲಿ ಕೈ ಬೀಸಿ ಅಲ್ಲ. 1954ರಲ್ಲಿ ಮಕಾವ್‌ನಲ್ಲಿ, ಹಾಂಗ್‌ಕಾಂಗ್‌ನಲ್ಲಿ ಬೆಂಕಿಗೆ ಮನೆ ಕಳ್ಕೊಂಡೋರಿಗೆ ದುಡ್ಡು ಎತ್ತೋಕೆ ಅಂತ ಒಂದು ಪಂದ್ಯ ಆಗಿತ್ತು, ಐವತ್ತು ದಾಟಿದ ತಾಯ್‌ಚಿ ಗುರು ವೂ ಗೋಂಗ್‌ಯಿ ಒಂದು ಕಡೆ, ಅವರಿಗಿಂತ ಎಷ್ಟೋ ಚಿಕ್ಕವರಾದ ಬಿಳಿ ಕೊಕ್ಕರೆ ಪದ್ಧತಿಯ ಚೆನ್ ಕೆಫು ಇನ್ನೊಂದು ಕಡೆ. ಎರಡನೇ ಸುತ್ತಿನಲ್ಲೇ ನಿಲ್ಲಿಸಿದ್ರು, ಯಾರೂ ಗೆಲ್ಲಲಿಲ್ಲ. ಅದನ್ನ ಚಿತ್ರೀಕರಿಸಿದ್ದು ಇವತ್ತಿಗೂ ಸಿಗತ್ತೆ. ಚಂದ ಏನಿಲ್ಲ, ಒರಟಾಗಿದೆ, ಮೂಗಲ್ಲಿ ರಕ್ತ ಬಂದಿದೆ, ಆದ್ರೆ ಇಬ್ಬರೂ ನಿಜವಾಗಿ ಹೋದ್ರು ರಿಂಗಿಗೆ, ಆ ಗೌರವ ಅವರಿಬ್ಬರಿಗೂ ಸಲ್ಲಬೇಕು.

ಇತಿಹಾಸದ್ದು ಎರಡು ತಿದ್ದುಪಡಿ ಬೇಗ ಹೇಳ್ಬಿಡ್ತೀನಿ. ಒಳ ಪದ್ಧತಿ ಹೊರ ಪದ್ಧತಿ ಅನ್ನೋ ವಿಂಗಡಣೆ ಸಾವಿರಾರು ವರ್ಷ ಹಳೇದು ಅಂತ ನಿಮ್ಮ ಲೇಖಕರು ಬರೆದಿದಾರೆ, ಲಿಖಿತ ರೂಪದಲ್ಲಿ ಅದು ಮೊದಲು ಕಾಣೋದು 1669ರಲ್ಲಿ, ಹ್ವಾಂಗ್ ಜೋಂಗ್‌ಶಿ ಅನ್ನೋ ವಿದ್ವಾಂಸರು ವಾಂಗ್ ಜೆಂಗ್‌ನಾನ್ ಅನ್ನೋ ಪಟುವಿನ ಸಮಾಧಿಗೆ ಬರೆದ ಬರಹದಲ್ಲಿ. ಶಾವೊಲಿನ್ ಬೌದ್ಧ ಮಠದ ಪದ್ಧತಿ ಹೊರಗಿನದು, ಇವರದ್ದು ಒಳಗಿನದು ಅಂತ ಅದರಲ್ಲಿದೆ. ಇನ್ನು ನಮ್ಮ ಬೌದ್ಧ ಭಿಕ್ಷು ಬೋಧಿಧರ್ಮರು ಇಲ್ಲಿಂದ ಹೋಗಿ ಶಾವೊಲಿನ್‌ನಲ್ಲಿ ಸಮರಕಲೆ ಕಲಿಸಿದ್ರು ಅನ್ನೋದು ಕೇಳೋಕೆ ಹೆಮ್ಮೆ ಅನ್ಸತ್ತೆ, ಆದ್ರೆ ಆ ಕತೆ ಅವರ ಕಾಲಕ್ಕಿಂತ ಸಾವಿರ ವರ್ಷ ಆದ್ಮೇಲೆ, ಹದಿನೇಳನೇ ಶತಮಾನದ ಒಂದು ವ್ಯಾಯಾಮದ ಗ್ರಂಥದಿಂದ ಹುಟ್ಟಿದ್ದು. ತಾಂಗ್ ಹಾವ್ ಅನ್ನೋ ಚೀನಿ ಇತಿಹಾಸಕಾರರು 1930ರ ಸುಮಾರಿಗೇ ಇದನ್ನ ಬಿಡಿಸಿ ತೋರಿಸಿದ್ರು, ಚೆನ್‌ಜಿಯಾಗೋಗೂ ಹೋಗಿ ಕಾಗದಪತ್ರ ಹುಡುಕಿದ್ರು. ಅವರಿಗೆ ಅವರದೇ ಜನರಿಂದ ಬೈಗುಳ ಬಂತು. ಪುರಾಣ ಒಡೆದ್ರೂ ಕಲೆ ಸಾಯಲಿಲ್ಲ, ಇವತ್ತು ತಾಯ್‌ಚಿ 2020ರಿಂದ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಲೂ ಇದೆ.

ಪಾಂಡಿತ್ಯದ ಬಗ್ಗೆ ಕೊನೇದಾಗಿ ಒಂದು. ಶಿಂಗ್‌ಯಿ ಅನ್ನೋ ಇನ್ನೊಂದು ಒಳ ಪದ್ಧತಿಯ ಗುರು ಗುವೋ ಯುನ್‌ಶೆನ್ ಮೂರು ಮೆಟ್ಟಿಲು ಹೇಳ್ತಿದ್ರು ಅಂತ ಸಮರಕಲೆ ಗುರು ಸುನ್ ಲೂತಾಂಗ್ 1920ರ ದಶಕದಲ್ಲಿ ಬರೆದಿಟ್ಟಿದಾರೆ. ಮೊದಲು ಕಾಣೋ ಜಿನ್, ಆಮೇಲೆ ಅಡಗಿದ ಜಿನ್, ಕೊನೆಗೆ ಕರಗಿದ ಜಿನ್. ಮೊದಲನೇದರಲ್ಲಿ ಹೊಡೆತಕ್ಕೆ ಶಬ್ದ ಇರತ್ತೆ, ನೋಡೋರಿಗೂ ಗೊತ್ತಾಗತ್ತೆ. ಎರಡನೇದರಲ್ಲಿ ಮುಟ್ಟಿಸ್ಕೊಂಡೋರಿಗೆ ಮಾತ್ರ ಗೊತ್ತಾಗತ್ತೆ. ಮೂರನೇದರಲ್ಲಿ ಮಾಡೋರಿಗೇ ಮಾಡಿದ್ದು ಗೊತ್ತಾಗಲ್ಲ. ಇದನ್ನ ಓದಿದೋರೆಲ್ಲ ನೇರ ಮೂರನೇ ಮೆಟ್ಟಿಲಿಗೆ ಹಾರೋಕೆ ನೋಡ್ತಾರೆ, ಏನೂ ಕಾಣಿಸಲ್ಲ ಅನ್ನೋದು ಏನೂ ಇಲ್ಲದೇ ಇರೋದಕ್ಕೆ ಒಳ್ಳೆ ಮುಸುಕು ಆಗಿಬಿಡತ್ತೆ. ಹಿರಿಯರು ನಂಗೆ ಮೂರು ವರ್ಷ ಮೊದಲನೇ ಮೆಟ್ಟಿಲು ಬಿಟ್ಟು ಮೇಲೆ ನೋಡೋಕೂ ಬಿಡಲಿಲ್ಲ. ನಾನು ವಾಪಸ್ ಹೊರಡೋ ವರ್ಷ ಅವರಿಗೆ 75, ನಿಮಗೆ ಎಷ್ಟನೇ ಮೆಟ್ಟಿಲು ಅಂತ ಒಂದ್ಸಲ ಕೇಳಿದೆ, "ಈಗೀಗ ಬಲಗಡೆ ಕ್ವಾ ಬಿಡ್ತಿದೆ, ಎಡಗಡೆದು ಇನ್ನೂ ಇಲ್ಲ" ಅಂದ್ರು. ಐವತ್ತು ವರ್ಷ ಆಗಿತ್ತು ಅವರು ಶುರು ಮಾಡಿ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮುಂದೆ ಈ ವಿಷಯದ ಮೇಲೆ ಲೇಖನ ಹಾಕೋವಾಗ ಬರೆಯೋರು ಮೊದಲು ಆ ಗುರುವಿನ ಕೈ ಮೇಲೆ ತಮ್ಮ ಕೈ ಇಟ್ಟು ತಳ್ಳಿ ನೋಡ್ಲಿ, ಬೀಳೋಕೆ ಸಹಾಯ ಮಾಡದೆ ನಿಂತು ನೋಡ್ಲಿ. ಗುರುವಿನ ಹೆಸರೇ ಕೇಳಿರದ ಒಬ್ಬ ಕುಸ್ತಿಪಟುವನ್ನೂ ಜೊತೆಗೆ ಕರ್ಕೊಂಡು ಹೋಗ್ಲಿ. ಗುರು ಒಪ್ಪದೇ ಹೋದ್ರೆ ಒಪ್ಪಲಿಲ್ಲ ಅಂತಾನೇ ಬರೀಲಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳ್ಲಿ, ನಿಮ್ಮನ್ನ ಕೊನೇ ಸಲ ಬೀಳಿಸಿದ್ದು ಯಾರು ಅಂತ. ನನ್ನ ಹಿರಿಯರನ್ನ ಕೇಳಿದ್ದಿದ್ರೆ ಆ ಹುಡುಗನ ಹೆಸರು, ವಾರ, ಯಾವ ಕಾಲು ಜಾರಿತ್ತು ಅನ್ನೋದನ್ನೂ ಸೇರಿಸಿ ಹೇಳಿರೋರು.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ